‘ನಾನು ಬಂದ ಬಸ್ಸು’ ಮತ್ತು ಇಂಗ್ಲಿಷಿನ ‘ವಿಚ್’

‘ನಾನು ಬಂದ ಬಸ್ಸು ಮುಳಬಾಗಿಲಿನಲ್ಲಿ ಕೆಟ್ಟು ನಿಂತಿತು.’ ಇದನ್ನು ಇಂಗ್ಲಿಷಿಗೆ ತಿರುಗಿಸಲು ಹೇಳಿದರೆ ಅನೇಕ ಮಕ್ಕಳು ‘ದಿ ಬಸ್ ವಿಚ್ ಐ ಕೇಮ್...’ ಎಂದು ಶುರುಮಾಡುತ್ತಾರೆ. ಮೇಷ್ಟರ ಕೆಂಪು ಗೆರೆ ಬೀಳುತ್ತದೆ. ‘ವಿಚ್’ ಸರಿಯಾಗಿಯೇ ಇದೆಯಲ್ಲ, ತಪ್ಪೆಲ್ಲಿ ಎಂದು ಮಗು ಕಣ್ಣು ಕಣ್ಣು ಬಿಡುತ್ತದೆ.

ಇದು ದಡ್ಡತನವಲ್ಲ. ಕನ್ನಡಕ್ಕೆ ಇಲ್ಲಿ ಹೂ, ವಿಚ್‌ಗಳ ಹಂಗೇ ಇಲ್ಲ. ‘ಬಂದ’ ಎಂಬ ಕೃದಂತವೊಂದಿದ್ದರೆ ಸಾಕು: ಬಂದ ಹುಡುಗ, ಬಂದ ಬಸ್ಸು, ಬಂದ ದಾರಿ, ಬಂದ ಕಾರಣ. ಬಸ್ಸೇ ಬಂತೋ, ಅದರಲ್ಲಿ ನಾವು ಬಂದೆವೋ ಎಂಬುದನ್ನು ಕೇಳುವವರೇ ಅರ್ಥಮಾಡಿಕೊಳ್ಳುತ್ತಾರೆ. ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೂ ಇದೇ ರೂಢಿ. ‘ವಚ್ಚಿನ ಬಸ್ಸು’ ಎಂದರೆ ಮುಗಿಯಿತು. ಇಂಗ್ಲಿಷ್ ಮಾತ್ರ ‘ಇನ್ ವಿಚ್ ಐ ಕೇಮ್’ ಎಂದು ಬಿಡಿಸಿ ಹೇಳಿಸುತ್ತದೆ.

ಉಪಾಯವೂ ಕನ್ನಡದಲ್ಲೇ ಇದೆ. ವಾಕ್ಯವನ್ನು ಎರಡಾಗಿ ಒಡೆಯಿರಿ: ‘ಬಸ್ಸು ಕೆಟ್ಟಿತು. ನಾನು ಅದರಲ್ಲಿ ಬಂದೆ.’ ‘ಅದರಲ್ಲಿ’ ಇದ್ದ ಕಡೆ ‘ಇನ್ ವಿಚ್’. ಹಾಗೆಯೇ ‘ಅವಳು’ ಬಂದರೆ ಹೂ, ‘ಅವಳನ್ನು’ ಬಂದರೆ ಹೂಮ್, ‘ಅವಳ’ ಬಂದರೆ ಹೂಸ್. ವಿಭಕ್ತಿ ಪ್ರತ್ಯಯವೇ ಉತ್ತರ ಹೇಳಿಕೊಡುತ್ತದೆ! ಇಂಗ್ಲಿಷ್ ಬಾರದ ತಾಯಿಯೂ ಮಗುವಿನ ಪಕ್ಕ ಕೂತು ‘ಅವಳು ಅಂತಲೋ, ಅವಳನ್ನು ಅಂತಲೋ?’ ಎಂದು ಕೇಳಬಹುದು. (ಮಾತಿನಲ್ಲಿ ಹೂಮ್ ಈಗ ಅಪರೂಪ. ಪರೀಕ್ಷೆಯಲ್ಲಿ ಬರೆಯುವುದೇ ಕ್ಷೇಮ.) ಹೊಸ ಪದ ಬಂದಮೇಲೆ ಹಳೆಯದು ಉಳಿಯಬಾರದು, ‘ದಿ ಬುಕ್ ವಿಚ್ ಐ ಬಾಟ್ ಇಟ್’ ಎಂಬಲ್ಲಿ ‘ಇಟ್’ ಹೆಚ್ಚಾಯಿತು.

ಇನ್ನು ಅಲ್ಪವಿರಾಮ. ‘ಮಾಲೂರಿನಲ್ಲಿರುವ ನಮ್ಮಣ್ಣ’ ಎಂದರೆ ಅಣ್ಣಂದಿರು ಎಷ್ಟು ಮಂದಿ? ಕನ್ನಡ ಹೇಳುವುದಿಲ್ಲ. ‘ಮೈ ಬ್ರದರ್ ಹೂ ಲಿವ್ಸ್ ಇನ್ ಮಾಲೂರ್’ ಎಂದು ಒಂದೇ ಉಸಿರಿಗೆ ಬರೆದರೆ ಬೇರೆ ಅಣ್ಣತಮ್ಮಂದಿರೂ ಇದ್ದಾರೆ ಎಂದಾಗುತ್ತದೆ. ‘ಹೂ’ಗೆ ಮೊದಲು ಮತ್ತು ಮಾಲೂರಿನ ನಂತರ ಅಲ್ಪವಿರಾಮ ಹಾಕಿದರೆ ಇರುವವನು ಅವನೊಬ್ಬನೇ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರ ಬಗ್ಗೆ ಬರೆಯುವಾಗ ಅಲ್ಪವಿರಾಮ ಬೇಕೇ ಬೇಕು, ಮಾಸ್ತಿ ಒಬ್ಬರೇ. ಅಂಥ ಅಲ್ಪವಿರಾಮದ ನಂತರ ‘ದಟ್’ ಬರುವಂತಿಲ್ಲ. ಉಳಿದ ಕಡೆ ‘ದಟ್’ ಮನುಷ್ಯರಿಗೂ ವಸ್ತುಗಳಿಗೂ ಸಲ್ಲುತ್ತದೆ.

ರಾತ್ರಿ ಊಟಕ್ಕೆ ಮೊದಲು ಮನೆಯಲ್ಲಿ ಮಾಡಿ ನೋಡಲು ಎರಡು: ‘ಕೋಲಾರಕ್ಕೆ ಮಾವು ತಂದ ಲಾರಿ’, ‘ನಾವು ಕೋಲಾರಕ್ಕೆ ಮಾವು ತಂದ ಲಾರಿ’. ಒಂದಕ್ಕೆ ‘ಇನ್’ ಬೇಕು, ಇನ್ನೊಂದಕ್ಕೆ ಬೇಡ.