ಮೀಟರಿನಿಂದ ಒಳಗೆ ಯಾರ ಹೊಣೆ?

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಾಗಲಿ, ಸುತ್ತಲಿನ ಕುಡಚಿ, ಚಿಕ್ಕೋಡಿ, ಅಥಣಿಗಳಲ್ಲಾಗಲಿ ಮನೆಮನೆಗೆ ವಿದ್ಯುತ್ ಪೂರೈಸುವುದು 2002ರಲ್ಲಿ ರೂಪುಗೊಂಡ ಹೆಸ್ಕಾಂ. ಆದರೆ ಅದರ ಹೊಣೆ ಬಹುಮಟ್ಟಿಗೆ ಮೀಟರಿಗೇ ಮುಗಿಯುತ್ತದೆ. ಅಲ್ಲಿಂದ ಒಳಗಿನ ವೈರಿಂಗ್ ಗ್ರಾಹಕನದು, ಮತ್ತು ದಾಖಲೆಯಲ್ಲಿ ಗ್ರಾಹಕನೆಂದರೆ ಸಾಮಾನ್ಯವಾಗಿ ಆರ್‌ಆರ್ ನಂಬರ್ ಯಾರ ಹೆಸರಿನಲ್ಲಿದೆಯೋ ಆ ಮಾಲೀಕ. ದಿನವೂ ಸ್ವಿಚ್ಚು ಒತ್ತುವ ಬಾಡಿಗೆದಾರ ಈ ಲೆಕ್ಕದೊಳಗೆ ಬರಲೇ ಇಲ್ಲ.

ಈ ಏರ್ಪಾಟಿನ ಬೇರು 1910ರ ಭಾರತೀಯ ವಿದ್ಯುಚ್ಛಕ್ತಿ ಕಾಯಿದೆಯಡಿ ರಚಿತವಾದ 1956ರ ನಿಯಮಾವಳಿಯಲ್ಲಿದೆ. ಒಳವೈರಿಂಗನ್ನು ಪರವಾನಗಿ ಪಡೆದ ಗುತ್ತಿಗೆದಾರನೇ ಮಾಡಬೇಕು, ಅರ್ಥಿಂಗ್ ತುದಿಯೊಂದನ್ನು ಸರಬರಾಜುದಾರ ಒದಗಿಸಬೇಕು, ಸಂಪರ್ಕ ಪಡೆದ ವ್ಯವಸ್ಥೆಯನ್ನು 5 ವರ್ಷ ಮೀರದ ಅವಧಿಗೊಮ್ಮೆ ಪರೀಕ್ಷಿಸಬೇಕು ಎಂದು ಅದು ವಿಧಿಸಿತ್ತು. ನಿಯಮ ದೂರದೃಷ್ಟಿಯದೇ, ಆದರೆ ಪರೀಕ್ಷೆಯ ಫಲವನ್ನು ಆ ಮನೆಯಲ್ಲಿ ಬಾಡಿಗೆಗೆ ಇರುವವರಿಗೆ ತಿಳಿಸಬೇಕೆಂಬ ಮಾತು ಅದರಲ್ಲಿರಲಿಲ್ಲ.

ಅಪಾಯವಿರುವುದು ಮೂರನೆಯ ತಂತಿಯಲ್ಲಿ, ಅಂದರೆ ಅರ್ಥಿಂಗ್‌ನಲ್ಲಿ. ಉಪ್ಪು, ಇದ್ದಿಲು ತುಂಬಿದ ಗುಂಡಿಯಲ್ಲಿ ಹೂತ ಕಬ್ಬಿಣದ ಪೈಪಿಗೆ ಈ ತಂತಿ ಸೇರಿರುತ್ತದೆ. ಫ್ರಿಜ್ಜಿನ ಮೈಗೆ ವಿದ್ಯುತ್ ಸೋರಿದರೆ ಅದನ್ನು ಭೂಮಿಗಿಳಿಸುವ ದಾರಿ ಇದೇ. ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅದರ ಮೇಲಿನ ದೊಡ್ಡ ರಂಧ್ರಕ್ಕೆ ಎಷ್ಟೋ ಸಲ ತಂತಿಯೇ ಇರುವುದಿಲ್ಲ. ಫ್ಯೂಸು ಕಾಪಾಡೀತೆಂಬ ನಂಬಿಕೆಯೂ ತಪ್ಪು: 5 ಆಂಪಿಯರ್ ಫ್ಯೂಸು ಕಾಯುವುದು ತಂತಿಯನ್ನು, ಆದರೆ ಮನುಷ್ಯನ ಜೀವಕ್ಕೆ ಅದರ ನೂರರಲ್ಲೊಂದು ಪಾಲೂ ಕುತ್ತಾಗಬಲ್ಲದು. 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳಿಸುವ ಆರ್‌ಸಿಸಿಬಿ ಎಂಬ ಸಾಧನವಿರುವುದು ಇದಕ್ಕಾಗಿಯೇ. ಆದರೆ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ನಿಯಮಾವಳಿಯು ಇಂತಹ ಸಾಧನವನ್ನು ಕಡ್ಡಾಯಗೊಳಿಸುವಾಗ 250 ವೋಲ್ಟ್ ಮೀರದ, 5 ಕಿಲೋವ್ಯಾಟ್‌ಗಿಂತ ಕಡಿಮೆಯ ಸಂಪರ್ಕಗಳನ್ನು ಹೊರಗಿಟ್ಟಿತು. ಸಣ್ಣ ಬಾಡಿಗೆ ಮನೆಗಳು ಬಹುಪಾಲು ಅಲ್ಲಿಯೇ ಕೈಬಿಟ್ಟುಹೋದವು. 2023ರಲ್ಲಿ ಹೊಸ ನಿಯಮಾವಳಿ ಅದರ ಜಾಗಕ್ಕೆ ಬಂತು.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯಿದೆ ವೈರಿಂಗನ್ನು ಮಾಲೀಕನಿಗೂ, ಸ್ವಿಚ್ಚು ಸಾಕೆಟ್ಟುಗಳ ದುರಸ್ತಿಯನ್ನು ಬಾಡಿಗೆದಾರನಿಗೂ ಹಂಚಿತು. ಆದರೆ ರಾಜ್ಯ ಒಪ್ಪುವವರೆಗೆ ಅದು ಬರೀ ಮಾದರಿ. 2023ರ ಗೃಹಜ್ಯೋತಿ ಯೋಜನೆ ಬಾಡಿಗೆದಾರನನ್ನೂ ಫಲಾನುಭವಿಯೆಂದು ಗುರುತಿಸಿತು, ಅದೂ ಬಿಲ್ಲಿನ ಮಟ್ಟಿಗೆ. ಇಂಗ್ಲೆಂಡಿನ 2020ರ ನಿಯಮವಾದರೋ ಅದೇ 5 ವರ್ಷದ ತಪಾಸಣೆಯನ್ನು ಮಾಲೀಕನ ತಲೆಗೆ ಕಟ್ಟಿ, ವರದಿಯ ಪ್ರತಿಯನ್ನು ಬಾಡಿಗೆದಾರನ ಕೈಗೆ ಕೊಡಿಸಿತು.

2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಪ್ರವಾಹ ಕಂಡ ಈ ತಾಲ್ಲೂಕುಗಳಲ್ಲಿ ಅಂತಹ ವರದಿಯ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ನೆನೆದ ಗೋಡೆಯೊಳಗಿನ ತಂತಿಯ ಹೊದಿಕೆ ಕೆಟ್ಟಿದೆಯೇ ಎಂಬುದು ಮೆಗ್ಗರ್ ಎಂಬ ಉಪಕರಣದಿಂದ ಅಳೆದಾಗಲೇ ತಿಳಿಯುತ್ತದೆ. ಆ ಅಳತೆಯನ್ನು ಮಾಡಿಸಿ ಕೊಡಬೇಕೆಂಬ ಷರತ್ತನ್ನು ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳಲು ಇಂದಿಗೂ ಯಾವ ಅಡ್ಡಿಯೂ ಇಲ್ಲ.