ಸೌರಭವೂ ಸಾಂತ್ವನವೂ

ಗಂಧವು ಪೃಥಿವಿಯ ವಿಶೇಷ ಗುಣವೆಂದು ತರ್ಕಶಾಸ್ತ್ರವು ಹೇಳುತ್ತದೆ. ಮಲ್ಲಿಗೆ, ದವನ, ಮರುಗಗಳ ಪರಿಮಳವು ಬಳಲಿದ ಮನಸ್ಸನ್ನು ತಣಿಸುವುದು ನಮ್ಮ ಜನರ ನಿತ್ಯಾನುಭವ. ಇಂಥ ಸೌರಭವು ಡಯಾಲಿಸಿಸ್ ರೋಗಿಗಳ ನೋವನ್ನೂ ಕಳವಳವನ್ನೂ ತಗ್ಗಿಸಬಲ್ಲುದೇ ಎಂಬುದನ್ನು ವೈದ್ಯವಿಜ್ಞಾನವು ಪರೀಕ್ಷಿಸಿ ನೋಡಿದೆ.

ಮೂತ್ರಪಿಂಡಗಳು ಕೆಟ್ಟಾಗ ರಕ್ತದ ಕಶ್ಮಲವನ್ನು ಯಂತ್ರದಿಂದ ಶೋಧಿಸುವ ವಿಧಾನವೇ ಡಯಾಲಿಸಿಸ್. 2016ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳ ಮೂಲಕ ಇದನ್ನು ಬಡವರಿಗೂ ಎಟುಕುವಂತೆ ಮಾಡಿತು. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲವೂ ಸುಮಾರು 4 ಗಂಟೆ ಈ ಚಿಕಿತ್ಸೆ ನಡೆಯುತ್ತದೆ. ತೋಳಿನಲ್ಲಿ ಅಪಧಮನಿ, ಅಭಿಧಮನಿಗಳನ್ನು ಕೂಡಿಸಿ ರಚಿಸಿದ ಫಿಸ್ಟುಲಾಕ್ಕೆ ಪ್ರತಿ ಸಲವೂ 2 ದಪ್ಪ ಸೂಜಿಗಳನ್ನು ಚುಚ್ಚಬೇಕು. ವರ್ಷಕ್ಕೆ 300ಕ್ಕೂ ಮಿಕ್ಕ ಚುಚ್ಚುಗಳು! ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಯಿಂದ ಬಸ್ಸು ಹಿಡಿದು ಚಿತ್ರದುರ್ಗಕ್ಕೆ ಬರುವ ರೋಗಿಗೆ ಹಾದಿಯ ದಣಿವಿನೊಡನೆ ಸೂಜಿಯ ಅಂಜಿಕೆಯೂ ಸೇರುತ್ತದೆ. ಅಂಜಿ ಒಂದು ಸರದಿಯನ್ನು ತಪ್ಪಿಸಿದರೂ ನೀರು, ಪೊಟ್ಯಾಸಿಯಂಗಳು ದೇಹದಲ್ಲಿ ಸಂಚಯಗೊಂಡು ಪ್ರಾಣಕ್ಕೇ ಕುತ್ತಾಗಬಹುದು. ಆದುದರಿಂದ ಅಂಜಿಕೆಯ ಶಮನವು ಅಲ್ಪ ವಿಷಯವಲ್ಲ.

ಇರಾನ್, ಟರ್ಕಿ ದೇಶಗಳ ಆಸ್ಪತ್ರೆಗಳಲ್ಲಿ ಲ್ಯಾವೆಂಡರ್ ಹೂವಿನ ತೈಲವನ್ನು ಹತ್ತಿಯ ಮೇಲೆ ಹನಿಸಿ, ಸೂಜಿ ಚುಚ್ಚುವ ಮುನ್ನ ಕೆಲವು ನಿಮಿಷ ರೋಗಿಗಳಿಗೆ ಮೂಸಿಸಲಾಯಿತು. ನೋವೂ ಉದ್ವೇಗವೂ ಕಡಿಮೆಯಾದುವೆಂದು ಹಲವು ಪ್ರಯೋಗಗಳು ತಿಳಿಸಿದುವು. ಘ್ರಾಣದ ನರಗಳಿಗೆ ಮಿದುಳಿನಲ್ಲಿ ಭಾವ, ಸ್ಮೃತಿಗಳ ನೆಲೆಯೊಡನೆ ಹತ್ತಿರದ ಸಂಬಂಧವಿರುವುದೇ ಇದಕ್ಕೆ ಕಾರಣವಿರಬಹುದು. ಆದರೆ ಈ ಪ್ರಯೋಗಗಳಲ್ಲಿ ಭಾಗವಹಿಸಿದವರ ಸಂಖ್ಯೆ ಚಿಕ್ಕದು. ಪರಿಮಳವನ್ನು ರೋಗಿಯಿಂದ ಮರೆಮಾಡುವುದೂ ಕಷ್ಟ. ಆದಕಾರಣ ಇವನ್ನು ಕೊನೆಯ ಮಾತೆಂದು ಬಗೆಯಲಾಗದು.

ಇಲ್ಲಿ ವಿವೇಕವು ಅವಶ್ಯ. ಸುಗಂಧವು ರಕ್ತವನ್ನು ಶೋಧಿಸದು. ಅದು ಚಿಕಿತ್ಸೆಗೆ ಒತ್ತಾಸೆಯೇ ಹೊರತು ಬದಲಿಯಲ್ಲ. ತೈಲವನ್ನು ಕುಡಿಯಬಾರದು, ಫಿಸ್ಟುಲಾ ಇರುವ ತೋಳಿಗೆ ಸವರಬಾರದು. ಉಬ್ಬಸವುಳ್ಳವರಿಗೆ, ಪಕ್ಕದ ಹಾಸಿಗೆಯವರಿಗೆ ಗಾಢವಾದ ವಾಸನೆ ತೊಂದರೆ ಕೊಡಬಹುದು. ಆಮ್ಲಜನಕವಿರುವ ಕೋಣೆಯಲ್ಲಿ ಊದಿನಕಡ್ಡಿ ಹಚ್ಚುವುದು ಅಪಾಯಕರ. ವೈದ್ಯರನ್ನೂ ದಾದಿಯರನ್ನೂ ಕೇಳಿಯೇ ಇದನ್ನು ಬಳಸಬೇಕು.

ಯಂತ್ರವು ದೇಹದ ಕಶ್ಮಲವನ್ನು ತೆಗೆಯುತ್ತದೆ. ಮನದ ಕಳವಳವನ್ನು ತೆಗೆಯುವ ಹೊಣೆ ಬಳಿಯಲ್ಲಿರುವವರದು. ಹತ್ತಿಯ ಮೇಲಿನ ಒಂದು ಹನಿ ತೈಲ, ಅದರೊಡನೆ ಕೈಹಿಡಿದು ಆಡಿದ ಒಂದು ಮೆಲುನುಡಿ — ಇವೆರಡರ ಬಲದಿಂದ ರೋಗಿಯು ಮುಂದಿನ ಸರದಿಗೆ ತಪ್ಪದೆ ಬಂದರೆ, ಸೌರಭವು ಸಾರ್ಥಕವಾದಂತೆಯೇ ಸರಿ.