ಹಳೇ ಕಾರಿನ ಪಕ್ಕದ ಗಾಡಿಗಳು

ಮಕ್ಕಳೇ, ಹಳೇ ಕಾರು ಸಾಕಿಕೊಂಡವರ ಮನೆಗೆ ಎಂದಾದರೂ ಹೋಗಿದ್ದೀರಾ? 'ಸಾಕಿಕೊಂಡವರು' ಎಂದು ಬೇಕೆಂದೇ ಬರೆದೆ. ಹೊಸ ಕಾರನ್ನು ಕೊಳ್ಳುತ್ತಾರೆ. ಹಳೇ ಕಾರನ್ನು ಮಾತ್ರ ದನ ಸಾಕಿದ ಹಾಗೆ ಸಾಕಬೇಕು. ಮೈ ಒರೆಸಬೇಕು, ವಾರಕ್ಕೊಮ್ಮೆಯಾದರೂ ಎಬ್ಬಿಸಿ ಓಡಾಡಿಸಬೇಕು, ಕೆಮ್ಮಿದರೆ ಯಾಕೆ ಕೆಮ್ಮಿತು ಎಂದು ಕಿವಿಗೊಟ್ಟು ಕೇಳಬೇಕು.

ನಾನು ಕೂಡ್ಲಿಗಿ ಸೀಮೆಯವನು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಸುತ್ತಾಡುವಾಗ ಹಳೇ ಗಾಡಿ ಕಂಡರೆ ನಿಂತು ನೋಡುವುದು ನನ್ನ ಚಟ. ಅರಮನೆಯವರ ರೋಲ್ಸ್ ರಾಯ್ಸ್ ನಮ್ಮ ಕಡೆ ಕಾಣಸಿಗದು. ಅಂಬಾಸಡರ್, ಫಿಯೆಟ್, ಜೀಪು ಸಿಗುತ್ತವೆ. ಆದರೆ ಅವು ಒಂಟಿಯಾಗಿ ನಿಂತದ್ದನ್ನು ನಾನು ನೋಡಿದ್ದು ಕಡಿಮೆ. ಕಾರಿನ ಪಕ್ಕ ಒಂದು ಯೆಜ್ಡಿ, ಅದರಾಚೆ ಒಂದು ಲೂನಾ, ಹಿಂದೆ ಟ್ರ್ಯಾಕ್ಟರು, ಗೋಡೆಗೆ ಒರಗಿದ ಬಂಡಿಯ ಗಾಲಿ. ಕಾರಿನ ವಿಚಾರ ಕೇಳಿದರೆ ಯಜಮಾನರು ಹತ್ತು ನಿಮಿಷ ಮಾತಾಡುತ್ತಾರೆ. ಉಳಿದ ಗಾಡಿಗಳ ವಿಚಾರ ತೆಗೆದರೆ ಒಂದು ತಾಸು ಕೂರಿಸಿಕೊಳ್ಳುತ್ತಾರೆ, ನಡುವೆ ಚಹಾನೂ ಬರುತ್ತದೆ.

ಈ ಲೇಖನ ಆ ಉಳಿದ ಗಾಡಿಗಳ ಕುರಿತು.

ದೊಡ್ಡ ಸಂಗ್ರಹದಲ್ಲೂ ಹೀಗೆಯೇ

ನಮ್ಮ ರಾಜ್ಯದಲ್ಲಿ ಹಳೇ ಕಾರುಗಳ ಹೆಸರು ಬಂದರೆ ಮೊದಲು ನೆನಪಾಗುವುದು ಧರ್ಮಸ್ಥಳ. ಅಲ್ಲಿನ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು ಹತ್ತಾರು ವರ್ಷ ಹಳೇ ಕಾರುಗಳನ್ನು ಕೂಡಿಹಾಕಿದ್ದಾರೆ. ಆ ಸಂಗ್ರಹದ ಒಂದು ಪಾಲಿಗೆ 2023ರಲ್ಲಿ ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು-ಮೈಸೂರು ಹೆದ್ದಾರಿಯ ಬದಿಯಲ್ಲಿ 'ಪಯಣ' ಎಂಬ ಹೊಸ ಮನೆ ಸಿಕ್ಕಿತು. ಕಾರು ನೋಡಲು ಹೋದವರಿಗೆ ಅಲ್ಲಿ ಎರಡು ಚಕ್ರದ ಗಾಡಿಗಳೂ ಕಾಣುತ್ತವೆ. ಇತ್ತ ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದರೆ ಮರದ ರಥಗಳು ನಿಂತಿವೆ. ಕಾರು ಇಷ್ಟಪಟ್ಟವರಿಗೆ ರಥವೂ ಇಷ್ಟವೇ. ಎರಡಕ್ಕೂ ಗಾಲಿ ಇದೆಯಲ್ಲ!

ಹರಿಯಾಣದ ತಾವಡೂ ಎಂಬಲ್ಲಿ 2013ರಲ್ಲಿ ಶುರುವಾದ ಸಾರಿಗೆ ವಸ್ತುಸಂಗ್ರಹಾಲಯದ ಕತೆಯೂ ಇದೇ. ಹಳೇ ಕಾರು ಕೂಡಿಡುತ್ತಿದ್ದವರ ಹುಚ್ಚಿನಿಂದ ಹುಟ್ಟಿದ ಆ ಜಾಗದಲ್ಲಿ ಪಲ್ಲಕ್ಕಿ, ಎತ್ತಿನ ಬಂಡಿ, ಸ್ಕೂಟರು, ರೈಲು ಬೋಗಿ, ವಿಮಾನ ಎಲ್ಲವೂ ಇವೆ. ಒಂದು ಗಾಡಿಯನ್ನು ನಿಜವಾಗಿ ಪ್ರೀತಿಸಿದವರು ಅದರ ನೆಂಟರಿಷ್ಟರನ್ನೂ ಬಿಟ್ಟುಕೊಡುವುದಿಲ್ಲ.

ಕಾರಿನ ತಾಯಿಬೇರು

ಕಾರು ಮತ್ತು ಬಂಡಿ ನೆಂಟರು ಎಂದರೆ ನಿಮಗೆ ನಗು ಬರಬಹುದು. ಜರ್ಮನಿಯ ಕಾರ್ಲ್ ಬೆಂಝ್ 1886ರಲ್ಲಿ ಪೇಟೆಂಟ್ ಪಡೆದ ಮೋಟಾರು ಗಾಡಿಗೆ ಮೂರೇ ಗಾಲಿ. ಸೈಕಲ್ಲಿನ ಹಾಗೆ ತಂತಿ ಕಡ್ಡಿಗಳ ಚಕ್ರ, ಕುದುರೆ ಗಾಡಿಯ ಹಾಗೆ ಆಸನ. ಸೈಕಲ್ಲಿನಿಂದ ಒಂದಿಷ್ಟು, ಕುದುರೆ ಗಾಡಿಯಿಂದ ಒಂದಿಷ್ಟು ಎರವಲು ತಂದು ಹುಟ್ಟಿದ ಕೂಸು ಅದು.

1888ರ ಆಗಸ್ಟಿನಲ್ಲಿ ಕಾರ್ಲನ ಹೆಂಡತಿ ಬರ್ತಾ ಬೆಂಝ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆ ಆ ಗಾಡಿಯಲ್ಲಿ ತವರಿಗೆ ಹೊರಟಳು. ದಾರಿ ಸುಮಾರು 106 ಕಿಲೋಮೀಟರು. ಆಗ ಪೆಟ್ರೋಲ್ ಬಂಕ್ ಎಲ್ಲಿತ್ತು? ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ನಳಿಕೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಸರಪಳಿಯನ್ನು ಕಮ್ಮಾರ ಸರಿಮಾಡಿಕೊಟ್ಟ. ಬ್ರೇಕು ಸವೆದಾಗ ಬೂಟು ಹೊಲಿಯುವವನ ಕೈಯಲ್ಲಿ ತೊಗಲು ಹೊಡೆಸಿದಳು. ಪ್ರಪಂಚದ ಮೊದಲ ದೂರದ ಕಾರು ಪ್ರಯಾಣ ಮುಗಿದದ್ದು ಬಂಡಿಗೆ ಲಾಳ-ಕಬ್ಬಿಣ ಬಡಿಯುತ್ತಿದ್ದವರ, ಬೂಟು ಹೊಲಿಯುತ್ತಿದ್ದವರ ಕೈಗುಣದಿಂದ.

ಹೆಬ್ಬೆರಳಿನ ಪಾಠ

ಈಗ ನಮ್ಮ ಅಂಗಳಕ್ಕೆ ಬರೋಣ. ಅಂಬಾಸಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ಹುಟ್ಟಿತು. 2014ರಲ್ಲಿ ಅದರ ತಯಾರಿಕೆ ನಿಂತಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮಂತ್ರಿಗಳಿಗೂ ಅದೇ, ಮದುವೆ ದಿಬ್ಬಣಕ್ಕೂ ಅದೇ. ಮುಂದಿನ ಸೀಟು ಮಂಚದ ಹಾಗೆ ಉದ್ದಕ್ಕೆ ಇರುತ್ತಿದ್ದುದರಿಂದ ಡ್ರೈವರ್ ಪಕ್ಕದಲ್ಲೇ ಇಬ್ಬರು ಮೂವರು ಕೂರುತ್ತಿದ್ದರು. ಗೇರಿನ ಕೋಲು ನೆಲದಲ್ಲಿರದೆ ಸ್ಟೇರಿಂಗಿನ ಬದಿಗಿತ್ತು.

ಬ್ಯಾಟರಿ ಇಳಿದರೆ ಮುಂಭಾಗದ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದರು. ಇಲ್ಲಿದೆ ನೋಡಿ ಒಂದು ಗುಟ್ಟು. ಆ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲೇ ಇರಬೇಕು, ಹಿಡಿಯನ್ನು ಸುತ್ತಿಕೊಳ್ಳಬಾರದು. ಎಂಜಿನ್ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಸುತ್ತಿ ಹಿಡಿದವರ ಹೆಬ್ಬೆರಳು ಮುರಿಯುತ್ತದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಲಿಲ್ಲ. ಕೂಡ್ಲಿಗಿಯಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ನನ್ನ ಬೆರಳುಗಳನ್ನು ಒಂದೊಂದಾಗಿ ಜೋಡಿಸಿ ತೋರಿಸಿದರು.

ಒದೆಯುವ ಕೋಲೇ ಗೇರಿನ ಕೋಲು

ಹಳೇ ಕಾರಿನವರ ಮನೆಯಲ್ಲಿ ಮೋಟಾರ್ ಸೈಕಲ್ಲು ಇದ್ದರೆ ಅದು ಜಾವಾ ಅಥವಾ ಯೆಜ್ಡಿ ಆಗಿರುವ ಸಂಭವ ಹೆಚ್ಚು. ಅದು ನಮ್ಮದೇ ಮೈಸೂರಿನ ಕೂಸು. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಒಪ್ಪಂದದಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ಕಟ್ಟಲು ಶುರುಮಾಡಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಈ ಗಾಡಿಯ ಸೊಗಸು ಏನೆಂದರೆ ಕಿಕ್ ಹೊಡೆಯುವ ಕೋಲು, ಗೇರು ಬದಲಿಸುವ ಕೋಲು ಎರಡೂ ಒಂದೇ! ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಗಾಡಿ ಎದ್ದ ಮೇಲೆ ಕೆಳಕ್ಕೆ ಮಡಚಿದರೆ ಗೇರು. ಪೆಟ್ರೋಲಿಗೆ ಅಳತೆ ಮಾಡಿ ಆಯಿಲ್ ಬೆರೆಸಬೇಕು. ಕಡಿಮೆಯಾದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಊರೆಲ್ಲ ಹೊಗೆ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಬೆಂಗಳೂರು ಮೊದಲಾದ ಊರುಗಳಲ್ಲಿ ಜಾವಾ ಪ್ರಿಯರು ತಮ್ಮ ಗಾಡಿಗಳೊಂದಿಗೆ ಒಂದೆಡೆ ಸೇರುತ್ತಾರೆ.

ನಂಬರ್ ಇಲ್ಲದ ಗಾಡಿ

ಅಂಗಳದ ಎಲ್ಲ ಗಾಡಿಗಳ ಹಿರಿಯಜ್ಜ ಬಂಡಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ಜಾತ್ರೆ ನಿಮಗೆ ಗೊತ್ತಿರಬೇಕು. ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವ ಜಾತ್ರೆ. ಈಗಲೂ ಅಲ್ಲಿಗೆ ಬಂಡಿ ಕಟ್ಟಿಕೊಂಡು ಬರುವವರಿದ್ದಾರೆ. ಎತ್ತಿನ ಕೊರಳ ಗೆಜ್ಜೆ ಕೇಳಿ ದಾರಿಬದಿಗೆ ಸರಿದು ನಿಲ್ಲುವ ಕಾರುಗಳನ್ನು ನಾನು ಕಂಡಿದ್ದೇನೆ.

ಮರದ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೀವು ವಿಜ್ಞಾನ ಪುಸ್ತಕದಲ್ಲಿ ಓದಿರುತ್ತೀರಿ. ಪಟ್ಟಿಯನ್ನು ಗಾಲಿಗಿಂತ ಚೂರು ಚಿಕ್ಕದಾಗಿ ಮಾಡುತ್ತಾರೆ. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದಾಗ ಅದು ಹಿಗ್ಗುತ್ತದೆ. ಆಗ ಗಾಲಿಗೆ ಕೂರಿಸಿ ಕೂಡಲೇ ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಕಾಯಿಸಿದರೆ ಲೋಹ ಹಿಗ್ಗುತ್ತದೆ ಎಂಬ ಪಾಠವನ್ನು ಬಡಗಿ-ಕಮ್ಮಾರರು ಶಾಲೆಗೆ ಹೋಗದೆ ಕಲಿತಿದ್ದರು. ಆಮೇಲೆ ಟೈರ್ ಬಂಡಿ ಬಂತು. ಕಾರು ಬಂಡಿಯಿಂದ ಪಡೆದ ಸಾಲವನ್ನು ರಬ್ಬರ್ ಟೈರಿನ ರೂಪದಲ್ಲಿ ತೀರಿಸಿತು ಅನ್ನಿ.

ಗಾಲಿ ಕಟ್ಟುವ ಕೈಗಳ ಬೆಲೆ ಕೊಟ್ಟೂರಿನವರಿಗೆ ಚೆನ್ನಾಗಿ ಗೊತ್ತು. 2017ರ ಫೆಬ್ರುವರಿಯಲ್ಲಿ ಗುರು ಬಸವೇಶ್ವರ ಸ್ವಾಮಿಯ ತೇರು ಎಳೆಯುವಾಗ ಉರುಳಿಬಿತ್ತು. ಇಡೀ ಸೀಮೆ ಮಂಕಾಯಿತು. ಆಮೇಲೆ ಹೊಸ ತೇರು ಬಂತು, ಜಾತ್ರೆ ಮತ್ತೆ ಕಳೆಗಟ್ಟಿತು. ತೇರು ಕಟ್ಟುವ ವಿದ್ಯೆ ಬಲ್ಲವರು ಇನ್ನೂ ಇದ್ದುದರಿಂದ ತೇರು ಬಂತು. ಅವರೇ ಇಲ್ಲದಿದ್ದರೆ ಹಣವಿದ್ದು ಏನು ಮಾಡಬಹುದಿತ್ತು?

ನಂಬರ್ ಪ್ಲೇಟ್ ಓದುವ ಆಟ

ಮಕ್ಕಳಿಗೆ ಒಂದು ಆಟ ಹೇಳಿಕೊಡುತ್ತೇನೆ. ಕೆಎ-35 ಎಂದರೆ ಹೊಸಪೇಟೆ, ಕೆಎ-34 ಬಳ್ಳಾರಿ, ಕೆಎ-17 ದಾವಣಗೆರೆ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆಗಳ ಜತೆ ಅದಕ್ಕೆ ಸೇರಿತು. ಮನೆ ಕದಲಲಿಲ್ಲ, ಜಿಲ್ಲೆ ಮಾತ್ರ ಬದಲಾಯಿತು! ಹಾಗಾಗಿ ಹರಪನಹಳ್ಳಿಯ ಒಂದೇ ಮನೆಯಲ್ಲಿ ಅಪ್ಪನ ಸ್ಕೂಟರಿಗೆ ಒಂದು ಸಂಖ್ಯೆ, ಮಗನ ಬೈಕಿಗೆ ಇನ್ನೊಂದು ಸಂಖ್ಯೆ ಕಂಡರೆ ಬೆರಗಾಗಬೇಡಿ. ಅದು ಊರಿನ ಇತಿಹಾಸ.

ಗುಜರಿಗೆ ಹೋಗುವ ಮುನ್ನ

ಇಷ್ಟೆಲ್ಲ ಬರೆಯಲು ಕಾರಣವಿದೆ. ನಮ್ಮ ಕಡೆಯ ಅಂಗಳಗಳು ಬೇಗ ಬೇಗ ಬರಿದಾಗುತ್ತಿವೆ. ಹೊಸ ಮನೆ ಕಟ್ಟುವಾಗ ಹಳೇ ಜೀಪಿಗೆ ಜಾಗ ಇರುವುದಿಲ್ಲ. ಗುಜರಿಯವರು ಬಾಗಿಲಿಗೇ ಬರುತ್ತಾರೆ, ತೂಕ ಹಾಕಿ ದುಡ್ಡು ಎಣಿಸುತ್ತಾರೆ.

ಕಾನೂನನ್ನೂ ತಿಳಿದಿರಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ 'ವಿಂಟೇಜ್' ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಎರಡು ಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ. ನಂಬರಿನಲ್ಲಿ 'ವಿಎ' ಎಂಬ ಅಕ್ಷರಗಳು ಬರುತ್ತವೆ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ದುರಸ್ತಿಗೆಂದು ರಸ್ತೆಗೆ ತರಬಹುದು. ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ.

ಕಷ್ಟ ಇರುವುದು 50 ವರ್ಷ ಆಗದ ಗಾಡಿಗಳಿಗೆ. ಸ್ವಂತ ವಾಹನದ ನೋಂದಣಿ ಸಾಮಾನ್ಯವಾಗಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಗಾಡಿಗಳ ನವೀಕರಣ ಶುಲ್ಕ 2025ರ ಆಗಸ್ಟಿನಲ್ಲಿ ಏರಿ ಬೈಕಿಗೆ 2,000, ಕಾರಿಗೆ 10,000 ರೂಪಾಯಿ ಆಗಿದೆ. ಹಳೇ ಗಾಡಿ ಹೊಗೆ ಉಗುಳುತ್ತದೆ, ಬ್ರೇಕು ಸಾಲದು ಎಂಬುದೂ ಸುಳ್ಳಲ್ಲ. ಆದ್ದರಿಂದ ಎಲ್ಲ ಹಳೇ ಗಾಡಿಗಳನ್ನೂ ಉಳಿಸಿ ಎಂದು ನಾನು ಹೇಳಲಾರೆ. ಯಾವುದನ್ನು ಉಳಿಸಬೇಕು ಎಂದು ಮನೆಯವರೆಲ್ಲ ಕೂತು ಮಾತಾಡಿ, ಆಮೇಲೆ ತೀರ್ಮಾನಿಸಿ ಎನ್ನುತ್ತೇನೆ.

ಹಗರಿಬೊಮ್ಮನಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಅಂಥ ಮಾತು ನನ್ನ ಕಿವಿಗೆ ಬಿತ್ತು. ಮೊಮ್ಮಗಳು ತುಕ್ಕು ಹಿಡಿದ ಅಂಬಾಸಡರ್ ತೋರಿಸಿ ಕೇಳಿದಳು, "ಅಜ್ಜ, ಇದನ್ನ ಯಾಕ ಇಟ್ಕಂಡೀಯ? ಓಡೋದೇ ಇಲ್ಲಲ್ಲ."

"ಓಡಿದ್ದು ಸಾಕಾಗೇತಿ, ಈಗ ಕುಂತೈತಿ. ನಿಮ್ಮಪ್ಪ ಹುಟ್ಟಿದ ರಾತ್ರಿ ನಿಮ್ಮಜ್ಜೀನ ಹೊಸಪೇಟಿ ಆಸ್ಪತ್ರಿಗೆ ಕರ್ಕಂಡ್ ಹೋಗಿದ್ದು ಇದಾ ಕಾರು ಕಣವ್ವಾ. ಮಳಿ ಅಂದ್ರ ಮಳಿ."

"ಮತ್ತ ಆ ಬಂಡಿ ಗಾಲಿ?"

"ಹಳ್ಳ ಬಂದು ಕಾರು ಸಿಗಬಿದ್ದಾಗ ಎಳದು ದಡಕ್ಕ ಹಾಕಿದ್ದು ಆ ಬಂಡಿ ಎತ್ತು!"

ಹುಡುಗಿ ಸುಮ್ಮನಾದಳು. ಆಮೇಲೆ ಗಾಲಿಯ ಧೂಳನ್ನು ಲಂಗದ ಅಂಚಿನಲ್ಲಿ ಒರೆಸತೊಡಗಿದಳು. ಅಷ್ಟು ದಿನ ಅವಳಿಗೆ ಅದು ಸೌದೆ. ಆ ಹೊತ್ತಿನಿಂದ ಅದು ಅಪ್ಪನ ಹುಟ್ಟಿನ ಸಾಕ್ಷಿ.

ಕಾರನ್ನು ಕೊಂಡು ತರಬಹುದು, ಅದರ ಪಕ್ಕದ ಗಾಡಿಗಳ ಕತೆಯನ್ನು ಕೊಂಡು ತರಲಾಗದು. ಗಾಡಿ ಗುಜರಿಗೆ ಹೋದರೆ ಕಬ್ಬಿಣ ಹೋಯಿತು ಅಷ್ಟೆ. ಅಜ್ಜ-ಅಜ್ಜಿ ಬಲ್ಲದ್ದನ್ನು ಯಾರೂ ಕೇಳದೆ ಹೋದರೆ ಅದು ಯಾವ ಸಂಗ್ರಹಾಲಯದಲ್ಲೂ ಸಿಗುವುದಿಲ್ಲ.

ಈ ಭಾನುವಾರದ ಕೆಲಸ

ಮಕ್ಕಳೇ, ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಹಿರಿಯರನ್ನು ಹೀಗೆ ಕೇಳಿ: ನೀವು ಮೊದಲು ಏರಿದ ಗಾಡಿ ಯಾವುದು? ಮನೆಗೆ ಬಂದ ಮೊದಲ ಗಾಡಿಗೆ ಎಷ್ಟು ಕೊಟ್ಟಿರಿ, ದುಡ್ಡು ಹೇಗೆ ಹೊಂದಿಸಿದಿರಿ? ಅದು ದಾರಿಯಲ್ಲಿ ಕೈಕೊಟ್ಟಾಗ ಯಾರು ನೆರವಾದರು? ಅದನ್ನು ಓಡಿಸುವುದರಲ್ಲಿ ಏನು ಗುಟ್ಟಿತ್ತು? ಈಗ ಅದು ಎಲ್ಲಿದೆ? ಗಾಡಿ ಇನ್ನೂ ಇದ್ದರೆ ಅದರ ಪಕ್ಕದಲ್ಲಿ ಹಿರಿಯರನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಆದರೆ ದೊಡ್ಡವರು ಜತೆಗಿಲ್ಲದೆ ಹಳೇ ಗಾಡಿಯನ್ನು ಚಾಲೂ ಮಾಡಲು ಹೋಗಬೇಡಿ.

ಅಜ್ಜ-ಅಜ್ಜಿಯರೇ, ನಿಮ್ಮಲ್ಲೂ ಒಂದು ಕೋರಿಕೆ. ಗಾಡಿಯ ಹಳೇ ಆರ್‌ಸಿ ಪುಸ್ತಕ, ಕೊಂಡ ರಸೀದಿ, ಸವೆದ ಬೀಗದ ಕೈ ಪೆಟ್ಟಿಗೆಯ ತಳದಲ್ಲಿ ಇದ್ದರೆ ಎಸೆಯಬೇಡಿ. ನಾಳೆ ನೋಂದಣಿಗೆ ಆ ಕಾಗದ ಬೇಕಾದೀತು. ಅದನ್ನು ಮೊಮ್ಮಕ್ಕಳ ಕೈಗೆ ಕೊಟ್ಟು, ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಎಲ್ಲಿರಬೇಕು ಎಂದೂ ತೋರಿಸಿಬಿಡಿ.